ಲೋಥಾರನ ಹಜಾರದಲ್ಲಿ ಕಾಫಿ

ಚಿಲಕ ಜಗ್ಗಲಿಲ್ಲ. ಗುದ್ರುನ್ ಕಪ್ಪು ಕೋಟಿನಲ್ಲೇ ಮಂಡಿಯೂರಿ ಸುತ್ತಿಗೆಯಿಂದ ಇನ್ನೊಂದೇಟು ಹಾಕಿದಳು. ಮದುವೆ, ಸಭೆಗಳಿಗೆ ಬಾಡಿಗೆಗೆ ಕೊಡುವ ಹಜಾರದ ಎರಡು ಬಾಗಿಲಲ್ಲಿ ಒಂದನ್ನೇ ತೆರೆದರೆ ಜನ ಒಳಗೆ ಬರಲು ಹಿಂದೆಮುಂದೆ ನೋಡುತ್ತಾರೆ ಎಂಬ ಭಯ ಅವಳಿಗೆ. ಗಂಡ ಲೋಥಾರನನ್ನು ಮಣ್ಣು ಮಾಡಿ ಬಂದು ಇನ್ನೂ ಕೈ ತೊಳೆದಿರಲಿಲ್ಲ.

ಮಣ್ಣಾದ ಮೇಲೆ ಊರವರು ಒಟ್ಟಿಗೆ ಕೂತು ಕಾಫಿ ಕುಡಿದು ಕೇಕು ತಿಂದರೇನೇ ಸತ್ತವನನ್ನು ನೆಟ್ಟಗೆ ಕಳಿಸಿಕೊಟ್ಟಂತೆ ಜರ್ಮನಿಯ ಆ ಊರಲ್ಲಿ. ಲೋಥಾರ್ ಕೊನೆಗೆ ಕೇಳಿದ್ದೂ ಅದೊಂದನ್ನೇ. "ನಮ್ಮ ಹಜಾರದಲ್ಲೇ ಕುಡೀಲಿ ಗುದ್ರುನ್. ಅಷ್ಟಾದ್ರೆ ಸಾಕು ನಂಗೆ."

ಬಾಗಿಲು ತೆರೆಯಿತು. ಅಂಗಳದಲ್ಲಿ ಊರಿಗೆ ಊರೇ ಕೊಡೆ ಹಿಡಿದು ನಿಂತಿತ್ತು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಒಳಗೆ ವೇದಿಕೆಯ ಪಕ್ಕ ಒಬ್ಬನೇ ಒಬ್ಬ ಮುದುಕ ಕೂತಿದ್ದ, ರೈಮುಂಡ್.

ಬೇಕರಿಯ ಮಾರ್ಲೀಸ್ ಹತ್ತಿರ ಬಂದು ದನಿ ತಗ್ಗಿಸಿದಳು. "ಅವನಿರೋವರೆಗೂ ನಾವ್ಯಾರೂ ಒಳಗೆ ಬರಲ್ಲ ಕಣೇ. ನೋಡಿದೋರು ಏನಂದ್ಕೋತಾರೆ?"

*

ರೈಮುಂಡ್ ಪಕ್ಷದವನು. ಪಕ್ಷ ಎಂದರೆ ಸಾಕು, ಸಾಕ್ಸನಿ ಪ್ರಾಂತ್ಯದ ಆ ಮೂಲೆಯಲ್ಲಿ ಯಾವುದೆಂದು ಯಾರೂ ಕೇಳುವುದಿಲ್ಲ. ಗಾಜಿನ ಕಾರ್ಖಾನೆ ಮುಚ್ಚಿ ಊರು ಕೈಕಟ್ಟಿ ಕೂತಿದ್ದಾಗ ಬಂದು ಸಂಜೆಯ ಸಭೆಗಳಿಗೆ ಹಜಾರ ಬಾಡಿಗೆಗೆ ಕೇಳಿದ. ಬಿಯರ್ ಖರ್ಚಾಗುತ್ತದಲ್ಲ ಎಂದು ಲೋಥಾರ್ ಕೊಟ್ಟ. ಪರದೇಶಿಗಳು ನಿಮ್ಮ ಕೆಲಸ ಕಸಿದರು ಎಂದು ರೈಮುಂಡ್ ಗುಡುಗಿದರೆ ಜನ ಮೇಜು ಗುದ್ದುತ್ತಿದ್ದರು. ಕುರ್ಚಿ ಸಾಲದೆ ಚರ್ಚಿನಿಂದ ಬೆಂಚು ತರಿಸಬೇಕಾಯಿತು. ಆ ಸಲ ಊರಿನ ಕಾಲುಭಾಗ ಮತ ಪಕ್ಷಕ್ಕೇ ಬಿತ್ತು.

ಆಮೇಲೆ ನಿರಾಶ್ರಿತರು ಇಳಿದಿದ್ದ ಹಳೇ ಶಾಲೆಗೆ ಬೆಂಕಿ ಬಿತ್ತು. ಮಗುವನ್ನು ಎದೆಗವಚಿಕೊಂಡು ಮಹಡಿಯಿಂದ ಹಾರಿದ ತಾಯಿ ಬದುಕಲಿಲ್ಲ. ಬೆಂಕಿ ಹಚ್ಚಿ ಜೈಲಿಗೆ ಹೋದ ಇಬ್ಬರು ಹುಡುಗರೂ ಈ ಹಜಾರದಲ್ಲೇ ಚಪ್ಪಾಳೆ ತಟ್ಟಿದವರು. ಪತ್ರಿಕೆಗಳಲ್ಲಿ ಹಜಾರದ ಫೋಟೋ ಬಂದದ್ದೇ ತಡ, ಊರಿಗೆ ಏನೇನೂ ಗೊತ್ತಿಲ್ಲದಂತಾಯಿತು. ಪಕ್ಷದ ನಾಯಕರು ಒಬ್ಬರ ಮೇಲೊಬ್ಬರು ಕೆಸರೆರಚಿ ಬೇರೆಯಾದರು. ಮುಂದಿನ ಚುನಾವಣೆಯಲ್ಲಿ ಪಕ್ಷ ಹೇಳಹೆಸರಿಲ್ಲದಾಯಿತು. ತಪ್ಪು ಹೊರಲು ಉಳಿದವನು ಲೋಥಾರ್ ಒಬ್ಬ. ಮದುವೆಗಳೆಲ್ಲ ಪಕ್ಕದೂರಿನ ಹಜಾರಕ್ಕೆ ಹೋದವು.

ಲೋಥಾರ್ ಜಗಳವಾಡಲಿಲ್ಲ. ವರ್ಷಕ್ಕೊಮ್ಮೆ ಆ ತಾಯಿಯ ಗೋರಿಗೆ ಹೋಗಿ ಬಂದು, ಊಟ ಮಾಡದೆ ಮಲಗುತ್ತಿದ್ದ. ಅವನು ಹಾಸಿಗೆ ಹಿಡಿದಾಗ ಬಂದವನೂ ರೈಮುಂಡ್ ಒಬ್ಬನೇ. ಗಡ್ಡ ಹೆರೆದ, ಸೂಪು ಕುಡಿಸಿದ. ಬೇಡವೆನ್ನುವ ತ್ರಾಣ ಗುದ್ರುನ್‌ಗೆ ಇರಲಿಲ್ಲ.

*

ಅವಳು ಹೋಗಿ ಅವನೆದುರು ನಿಂತಳು. "ನೀನು ಎದ್ದು ಹೋಗ್ಬೇಕು ರೈಮುಂಡ್."

"ಇಲ್ಲಿ ನಾನೊಬ್ಬನೇ ಇದ್ನಾ ಅತ್ತಿಗೆ?"

"ಇಲ್ಲ. ಆದ್ರೆ ಮಾತಾಡಿದ್ದು ನೀನು."

ಅವನು ಟೋಪಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಂದ ಹೋದ. ಗಂಡನಿಗೆ ಸೂಪು ಕುಡಿಸಿದ ಕೈಯನ್ನು ಹೊರಗಟ್ಟಿದೆನಲ್ಲ ಎಂದು ಗುದ್ರುನ್‌ಗೆ ಅನ್ನಿಸಿತು. ಈ ಮಾತನ್ನು ಅವನು ಹಜಾರ ಕೇಳಲು ಬಂದ ದಿನವೇ ಹೇಳಬೇಕಿತ್ತು ಎಂದುಕೊಂಡಳು.

ಜನ ಕೊಡೆ ಮಡಚಿ ಒಳಗೆ ಬಂದರು. ಕೇಕು ಹಗುರವಾಗಿದೆ ಎಂದರು. ಲೋಥಾರ್ ಒಳ್ಳೆಯವನೇ, ಯಾರೋ ಕೆಡಿಸಿದರು ಎಂದರು. "ಎಲ್ಲಾ ಹೊರಗಿನೋರ ಕೆಲಸ," ಎಂದಳು ಮಾರ್ಲೀಸ್. ಎಲ್ಲರೂ ತಲೆಯಾಡಿಸಿದರು.

ಗುದ್ರುನ್ ಕಾಫಿ ಹೂಜಿ ಹಿಡಿದು ವೇದಿಕೆಯ ಬಳಿ ನಿಂತು ನೋಡಿದಳು. ಯಾರೂ ಯಾರಿಗೂ ಜಾಗ ತೋರಿಸಿರಲಿಲ್ಲ. ಆದರೂ ಮಾರ್ಲೀಸ್ ಮುಂದಿನ ಸಾಲಿಗೆ, ಅವಳ ಗಂಡ ಕಂಬದ ಪಕ್ಕಕ್ಕೆ, ಅಗ್ನಿಶಾಮಕ ದಳದವರು ಕಿಟಕಿಯ ಉದ್ದನೆಯ ಮೇಜಿಗೆ, ಹೀಗೆ ಒಬ್ಬೊಬ್ಬರೂ ಆಗಿನ ಸಂಜೆಗಳಲ್ಲಿ ತಾವು ಕೂರುತ್ತಿದ್ದ ಜಾಗದಲ್ಲೇ ಕೂತಿದ್ದರು. ಎಲ್ಲರ ಕುರ್ಚಿಯೂ ಖಾಲಿ ವೇದಿಕೆಯ ಕಡೆಗೇ ತಿರುಗಿತ್ತು.