ಒಂದು ಗೇಣು ತುಕ್ಕು

"ಆ ಮಿಸ್ತ್ರಿ ಹೆಸರು ಈ ಮನ್ಯಾಗ ಎತ್ತಬ್ಯಾಡ" ಎಂದು ಶಿವಾನಂದ ಹೇಳಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಆ ಹೆಸರನ್ನು ಎತ್ತಿದವನು ಅವನೇ. ಬಲಗೈ ಪ್ಲಾಸ್ಟರಿನಲ್ಲಿದ್ದ ನನ್ನ ಮಗನಿಗೆ ನಾನು ರೊಟ್ಟಿ ಮುರಿದು ತುತ್ತು ಕೊಡುವಾಗ, ಅಂಗಿಯ ಗುಂಡಿ ಹಾಕುವಾಗ, ತಲೆಗೆ ನೀರು ಹಾಕುವಾಗ, ಅವನ ಬಾಯಲ್ಲಿ ಸವಣೂರಿನ ಗ್ಯಾರೇಜಿನ ಬಂದೇಸಾಬನೇ ಇರುತ್ತಿದ್ದ.

ಗಾಡಿ ತಿಳವಳ್ಳಿಯ ನಮ್ಮ ಮನೆಯ ಮುಂದೆ ಮೂತಿ ಜಜ್ಜಿಕೊಂಡು ನಿಂತಿತ್ತು. ನನ್ನ ಗಂಡ ಕನಕಪ್ಪ ಸವಣೂರಿನಿಂದ ವೀಳ್ಯದೆಲೆ ಹೇರಲು ಕೊಂಡ ಪಿಕಪ್ ಅದು. ಅವರು ತೀರಿಕೊಂಡು ಆರು ವರ್ಷ, ಗಾಡಿಗೆ ಹದಿನೇಳು. ಚಾಲಕನ ಕಾಲ ಕೆಳಗಿನ ತಗಡು ತುಕ್ಕು ತಿಂದು ರಸ್ತೆ ಕಾಣುತ್ತಿತ್ತು. ಅಲ್ಲಿಗೆ ಶಿವಾನಂದ ಒಂದು ಹಲಗೆ ಹಾಸಿದ್ದ. ಎಡಬಾಗಿಲನ್ನು ತಂತಿ ಸುತ್ತಿಯೇ ಮುಚ್ಚಬೇಕು. ಚಳಿಯ ಬೆಳಗಿನಲ್ಲಿ ಓಣಿಯ ನಾಲ್ಕು ಮಂದಿ ನೂಕಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಹಾಗಿದ್ದೂ ಪ್ರತಿ ವರ್ಷ ಖಂಡೇಪೂಜೆಯ ಮುಂದೆ ಶಿವಾನಂದ ಕೆಳಗಿನ ಚಾಸಿಗೆ, ಹೊರಗೆ ಕಾಣುವಷ್ಟು, ಕರೀ ಬಣ್ಣ ಬಳಿಯುತ್ತಿದ್ದ. ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದರೆ ನಿನ್ನೆ ತಂದ ಗಾಡಿ ಅನ್ನಬೇಕು.

ದೀಪಾವಳಿ ಮುಗಿದ ಮೂರನೆಯ ದಿನ, ಮಾಸೂರಿನಿಂದ ಗೋವಿನಜೋಳದ ಚೀಲ ಹೇರಿಕೊಂಡು ಬರುವಾಗ, ಮದಗದ ಕೆರೆಯ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಕಾಲು ಹಲಗೆಯತನಕ ಹೋಯಿತು, ಗಾಡಿ ನಿಲ್ಲಲಿಲ್ಲ. ಎಡಕ್ಕೆ ಹೊರಳಿಸಿ ರಸ್ತೆಯಂಚಿನ ಕಲ್ಲಿಗೆ ಹೊಡೆಸಿದ. ಬಲಕ್ಕೆ ಹೋಗಿದ್ದರೆ ಕೆರೆ. ಗಾಡಿ ಎಳೆದು ತಂದವರು ಕೆಳಗೆ ಕೈಯಾಡಿಸಿ, ಹಿಂದಿನ ಬ್ರೇಕ್ ಪೈಪು ಒಡೆದು ಎಣ್ಣೆಯೆಲ್ಲ ಸೋರಿಹೋಗಿದೆ ಎಂದರು. ಆ ಪೈಪನ್ನು ಹೋದ ವರ್ಷ ಕಾರಹುಣ್ಣಿವೆಯ ಮುಂದೆ ಹಾಕಿದವನು ಬಂದೇಸಾಬ.

ಅಷ್ಟು ಸಾಕಾಯಿತು. ಗುಜರಿ ಗಾಡಿಯಿಂದ ಕಿತ್ತ ಪೈಪನ್ನು ಹೊಸದೆಂದು ಹಾಕಿದ್ದಾನೆ ಎಂದು ಶಿವಾನಂದ ಹಾನಗಲ್ಲಿನ ಗಾಡಿ ಸ್ಟ್ಯಾಂಡಿನಲ್ಲಿ ಹೇಳಿದ. ಪ್ಲಾಸ್ಟರು ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡೇ ಶಿಗ್ಗಾವಿಗೆ ಹೋಗಿ ಹೇಳಿದ, ಹಿರೇಕೆರೂರಿಗೆ ಹೋಗಿ ಹೇಳಿದ, ಬಂದೇಸಾಬನ ಗ್ಯಾರೇಜಿನಿಂದ ಕೂಗಳತೆಯಲ್ಲಿರುವ ಸವಣೂರಿನ ಸ್ಟ್ಯಾಂಡಿನಲ್ಲೂ ನಿಂತು ಹೇಳಿದ. ಗುರುವಾರ ಹಾನಗಲ್ಲಿನಲ್ಲಿ ಗಾಡಿಯವರೆಲ್ಲ ಕೂಡಿ, ಇನ್ನು ಯಾರೂ ಆ ಗ್ಯಾರೇಜಿಗೆ ಹೋಗಬಾರದೆಂದು ಮಾತಾಡುವುದು ಎಂದಾಯಿತು.

ಸೋಮವಾರ ಸಂಜೆ ಬಂದೇಸಾಬ ತಾನೇ ಬಂದ. ಅರವತ್ತು ದಾಟಿದ ಮನುಷ್ಯ, ಎರಡು ಬಸ್ಸು ಬದಲಿಸಿ ಬಂದಿದ್ದ. ಕೈಯಲ್ಲಿ ಒಂದು ಟಾರ್ಚ್ ಬ್ಯಾಟರಿ ಇತ್ತು.

"ಮಿಸ್ತ್ರಿ, ಅಲ್ಲೇ ನಿಂದರು" ಎಂದ ಶಿವಾನಂದ. "ಗಾಡಿ ಮುಟ್ಟಬ್ಯಾಡ."

"ಮೊನ್ನೆತನಕ ಕಾಕಾ ಅಂತಿದ್ದಿ."

"ಮೊನ್ನೆತನಕ ಕೈ ನೆಟ್ಟಗಿತ್ತು."

"ಮುಟ್ಟೂದಿಲ್ಲಪ. ಕೆಳಗ ಒಮ್ಮೆ ಬೆಳಕು ಬಿಟ್ಟು ನೋಡ್ತೇನಿ. ನಾ ಹಾಕಿದ್ದು ಹೊಸಾ ಪೈಪು. ಹೊಸಾ ಪೈಪು ಒಂದೂವರಿ ವರ್ಷಕ್ಕ ಹೋಗೂದಿಲ್ಲ."

"ಹೋಗೂದಿಲ್ಲ ಅಂತ ನಾನೂ ಹೇಳಾಕತ್ತೇನಿ. ಹೊಸಾದಾಗಿದ್ರ ಹೋಗತಿರಲಿಲ್ಲ."

"ಹೋಗಬೇಕಂದ್ರ ಮ್ಯಾಲೆ ಏನರ ಬಿದ್ದಿರಬೇಕು. ಗೊಬ್ಬರದ ನೀರು, ಬ್ಯಾಟರಿ ಆಸಿಡ್, ಉಪ್ಪು. ಉಪ್ಪಿನ ಚೀಲ ಹೇರಿದ್ದೇನು?"

"ಉಪ್ಪು ಹೇರಾಕ ನಾ ಏನ ಗೋವಾದಾಗ ಅದೇನೇನು? ಮಾಡೂದು ಮಾಡಿ ಈಗ ಕಥಿ ಕಟ್ಟಬ್ಯಾಡ."

"ಕಥಿ ನಾ ಕಟ್ಟಾಕತ್ತಿಲ್ಲ. ನಾಕು ಊರಾಗ ನೀ ಕಟ್ಟೀದಿ. ಹತ್ತು ಗಾಡಿ ನಿಲ್ತಿದ್ದ ಜಾಗದಾಗ ನಿನ್ನೆ ಒಂದು ಸೈಕಲ್ ನಿಂತಿತ್ತು. ಚಾಸಿ ಹೋಗೇತಿ ಅಂತ ಮೂರು ಸಲ ಹೇಳಿದ್ದೆ. ನೀ ಏನ ಮಾಡಿದಿ? ನನ್ನ ಕಡೆ ಬರೂದು ಬಿಟ್ಟಿ."

"ಬಂದ್ರ ಮೊದಲು ಬೈಗಳ. ಆಮ್ಯಾಲೆ ಕೈಯಾಗ ಪಾನಾ ಹಿಡಿಯೂದು."

"ನನ್ನ ಬೈಗಳ ತಿಂದವರು ಯಾರೂ ಕಲ್ಲಿಗೆ ಹೊಡದಿಲ್ಲ."

ಶಿವಾನಂದ ಎಡಗೈಯಿಂದ ಅವನ ಎದೆಗೆ ನೂಕಿದ. ಜೋರಾಗಿ ಅಲ್ಲ, ಆದರೆ ಬ್ಯಾಟರಿ ಕೆಳಗೆ ಬಿದ್ದು ಗಾಜು ಒಡೆಯಿತು. ಬಂದೇಸಾಬ ಅದನ್ನು ಎತ್ತಿಕೊಂಡು, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. "ಕನಕಪ್ಪ ಇದ್ದಾಗ ಈ ಮನ್ಯಾಗ ಚಾ ಕುಡದೇನಿ, ಅಕ್ಕಾರ" ಎಂದಷ್ಟೇ ಹೇಳಿ ಬಸ್ಸಿಗೆ ನಡೆದ. ನಾನು ಕುಂದ್ರಿ ಎನ್ನಲಿಲ್ಲ. ಉಪ್ಪು ಎಂಬ ಮಾತು ಕಿವಿಯಲ್ಲಿ ನಿಂತುಬಿಟ್ಟಿತ್ತು.

ಮಂಗಳವಾರ ಬೆಳಿಗ್ಗೆ ಶಿವಾನಂದ ಏಳುವ ಮೊದಲು ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ, ಬಕೆಟ್ಟು ಬದಿಗಿಟ್ಟು, ಗಾಡಿಯ ಕೆಳಗೆ ಮಲಗಿ ನೋಡಿದೆ. ಹಿಂದಿನ ಚಕ್ರದ ಒಳಗಡೆ, ಚಾಸಿಯ ಮಗ್ಗುಲಿಗೆ, ಕರೀ ಬಟ್ಟೆಯ ನಾಲ್ಕು ಗಂಟುಗಳು ಒಂದರ ಮೇಲೊಂದು ತೂಗುತ್ತಿದ್ದವು. ನಾಲ್ಕೂ ನಾನೇ ಕಟ್ಟಿದವು.

ನನ್ನ ಅತ್ತೆ ಗುತ್ತೆವ್ವ ಪ್ರತಿ ಅಮಾವಾಸ್ಯೆ ಚಕ್ಕಡಿಯ ಕೆಳಗಿನ ತೊಲೆಗೆ, ಕೆಟ್ಟ ಕಣ್ಣು ತಾಗದಂತೆ, ನದರಿನ ಗಂಟು ಕಟ್ಟುತ್ತಿದ್ದರು. ಹರಳುಪ್ಪು, ಸಾಸಿವೆ, ಒಣಮೆಣಸಿನಕಾಯಿ, ಇದ್ದಿಲು. ಮುಂದೆ ಕಟ್ಟಿದ ನಿಂಬೆಹಣ್ಣನ್ನು ಎಲ್ಲರೂ ನೋಡುತ್ತಾರೆ, ಕೆಳಗೆ ಕಟ್ಟಿದ್ದನ್ನು ಯಾರೂ ನೋಡಬಾರದು, ಕಟ್ಟಿದ್ದನ್ನು ಬಿಚ್ಚಬಾರದು, ತಾನಾಗಿ ಉದುರಬೇಕು ಎನ್ನುತ್ತಿದ್ದರು. ಚಕ್ಕಡಿ ಹೋಗಿ ಗಾಡಿ ಬಂತು. ಗಂಡ ತೀರಿಕೊಂಡ ಮೇಲೆ, ಮಗ ಒಬ್ಬನೇ ರಸ್ತೆಗೆ ಹೋಗತೊಡಗಿದ ಮೇಲೆ, ನಾನೂ ಶುರು ಮಾಡಿದೆ. ಶಿವಾನಂದ ಜಳಕಕ್ಕೆ ಹೋದಾಗ ಕೆಳಗೆ ತೂರಿ ಕಟ್ಟಿ ಬರುತ್ತಿದ್ದೆ. ಚಾಸಿ ದಪ್ಪ, ದಾರ ಸುತ್ತುವುದಿಲ್ಲ. ಅದರ ಪಕ್ಕದಲ್ಲಿ ಬೆರಳಿಗಿಂತ ತೆಳ್ಳಗಿನ ಒಂದು ಕೊಳವೆ ಇತ್ತು. ಅದಕ್ಕೆ ಚೆನ್ನಾಗಿ ಕೂಡುತ್ತಿತ್ತು.

ಅತ್ತೆಯ ತೊಲೆ ಜಾಲಿಯ ಕಟ್ಟಿಗೆಯದು. ಉಪ್ಪು ಅದಕ್ಕೆ ಏನು ಮಾಡೀತು?

ಗಂಟುಗಳನ್ನು ಬಿಚ್ಚಿದೆ. ಮಳೆಗಾಲದ ನೀರು ಕುಡಿದು ಗಟ್ಟಿಯಾಗಿ, ಮೇಲೆ ಬಿಳಿ ಹೊಪ್ಪಳೆ ಎದ್ದಿತ್ತು. ಒಂದು ಗೇಣಿನಷ್ಟು ಪೈಪು ತುಕ್ಕು ಹಿಡಿದು ಕೆಂಪಗೆ ಉಬ್ಬಿತ್ತು, ನಡುವೆ ಸೀಳು. ಆ ಗೇಣಿನ ಆಚೆ ಈಚೆ ಸೆರಗಿನಿಂದ ಒರೆಸಿ ನೋಡಿದೆ. ಹೊಳೆಯಿತು. ಬಂದೇಸಾಬ ಹಾಕಿದ್ದು ಹೊಸದೇ.

ಗಂಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟೆ. ತಿಪ್ಪೆಗೆ ಒಗೆಯಬಹುದಿತ್ತು, ಒಗೆಯಬೇಕೆಂದು ಎರಡು ಸಲ ಕೈಗೂ ತೆಗೆದುಕೊಂಡೆ. ಮಗನಿಗೆ ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಅವನ ಕೈಯ ಪ್ಲಾಸ್ಟರು ಕಾಣುತ್ತಿತ್ತು. ಬುಧವಾರ ಮಧ್ಯಾಹ್ನ ಅವನು ತಾಟು ಸರಿಸಿ, "ಸಾರಿಗೆ ಉಪ್ಪ ಹಾಕಿಲ್ಲ ಬೇ" ಎಂದ. ನಿನ್ನೆಯೂ ಹಾಕಿರಲಿಲ್ಲ, ಅವನು ಸುಮ್ಮನೆ ಉಂಡಿದ್ದ.

ಗುರುವಾರ ಅವನ ಚೀಲ ಹಿಡಿಯುವ ನೆಪದಲ್ಲಿ ನಾನೂ ಹಾನಗಲ್ಲಿಗೆ ಹೋದೆ. ಚೀಲದಲ್ಲಿ ಬುತ್ತಿಯ ಕೆಳಗೆ ಡಬ್ಬಿ ಇತ್ತು. ಸ್ಟ್ಯಾಂಡಿನಲ್ಲಿ ಇಪ್ಪತ್ತರ ಮೇಲೆ ಗಾಡಿಗಳು, ಒಂದಕ್ಕಿಂತ ಒಂದು ಹಳೆಯವು. ಹಿರಿಯ ಚಾಲಕ ಚನ್ನವೀರಪ್ಪ ತನ್ನ ಗಾಡಿಯ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತಿದ್ದ. ಬಂದೇಸಾಬ ದೂರದಲ್ಲಿ ಒಬ್ಬನೇ ನಿಂತಿದ್ದ. ಅವನನ್ನು ಕರೆದವರಿಲ್ಲ.

ಶಿವಾನಂದ ಮತ್ತೆ ಮೊದಲಿನಿಂದ ಎಲ್ಲ ಹೇಳಿದ. ಗುಂಪಿನಲ್ಲಿ ಒಬ್ಬ, "ಅವರದು ಅಷ್ಟ" ಎಂದ. ಅವರದು ಎಂದರೆ ಯಾರದು ಎಂದು ಯಾರೂ ಕೇಳಲಿಲ್ಲ. ಕೇಳದೆಯೇ ನಾಲ್ಕು ಮಂದಿ ನಕ್ಕರು. ಬಂದೇಸಾಬ ನೆಲ ನೋಡುತ್ತ ನಿಂತ.

"ಚನ್ನವೀರಪ್ಪ, ನಂದೊಂದು ಮಾತೈತಿ" ಎಂದೆ.

"ಹೆಣ್ಣಮಕ್ಕಳದೇನೈತ್ರಿ ಇಲ್ಲಿ?"

"ಪೈಪು ನಾ ಒಡದೇನಿ."

ಡಬ್ಬಿ ತೆಗೆದು ಹಿಂಬಾಗಿಲಿನ ಮೇಲೆ ಅವನ ಮಗ್ಗುಲಲ್ಲಿಟ್ಟೆ. ಏನು, ಎಲ್ಲಿ, ಎಷ್ಟು ಅಮಾವಾಸ್ಯೆ ಎಂದು ಹೇಳಿದೆ. ಒಬ್ಬ ಮೊದಲು ನಕ್ಕ, ಆಮೇಲೆ ಎಲ್ಲರೂ. "ಶಿವ್ಯಾ, ನಿಮ್ಮವ್ವ ಗಾಡಿಗೆ ಉಪ್ಪಿನಕಾಯಿ ಹಾಕ್ಯಾಳಲೋ" ಎಂದ ಯಾರೋ.

ಶಿವಾನಂದ ಎಡಗೈಯಿಂದ ನನ್ನ ರಟ್ಟೆ ಹಿಡಿದ. "ನಡಿ ಬೇ ಮನಿಗೆ" ಎಂದ. "ನನ್ನ ಮಂದ್ಯಾಗ ತಲಿ ಎತ್ತದಂಗ ಮಾಡಾಕ ಬಂದೀ ಏನ?"

ಬಂದೇಸಾಬ ಹತ್ತಿರ ಬಂದ. ಒಂದು ಗಂಟು ಎತ್ತಿಕೊಂಡು ಸ್ಕ್ರೂಡ್ರೈವರಿನಿಂದ ಒಡೆದ. ಹರಳುಗಳು ಅವನ ಅಂಗೈ ಮೇಲೆ ಬಿದ್ದವು. ನಾಲಗೆಗೆ ಒಂದು ಹರಳು ಹಚ್ಚಿ ಉಗುಳಿದ.

"ಎಂದ ಗೊತ್ತಾತ್ರಿ ನಿಮಗ?"

"ಮಂಗಳವಾರ."

"ಇವತ್ತ ಗುರುವಾರ."

"ತಪ್ಪಾತು ಅಣ್ಣಾರ" ಎಂದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಿಮಗ ತಿಳೀಲಿಲ್ಲ, ಕಟ್ಟಿದ್ರಿ. ಅದು ಬ್ಯಾರೆ" ಎಂದ. ಆಮೇಲೆ ಶಿವಾನಂದನ ಕಡೆ ತಿರುಗಿದ. "ನೀ ಮಾತ್ರ ನೋಡಾಕನೂ ಬಿಡಲಿಲ್ಲ. ಯಾವ್ಯಾವ ಊರಾಗ ಹೇಳೀದಿ, ಆ ಊರಿಗೆ ಹೋಗಿ ಹೇಳು. ಬರೇ ಹಾನಗಲ್ಲಾಗ ಆದ್ರ ನಡಿಯೂದಿಲ್ಲ."

"ಹೇಳದಿದ್ರ?"

"ಹೇಳದಿದ್ರ ನಾ ಗ್ಯಾರೇಜಿಗೆ ಕೀಲಿ ಹಾಕಿ ಮಗಳ ಮನಿಗೆ ಹೋಗೂದ. ನಲವತ್ತು ವರ್ಷದ ಹೆಸರು ಅದು. ನಿನ್ನ ಕೈ ಎರಡು ತಿಂಗಳಿಗೆ ಕೂಡ್ತೈತಿ."

ಇಷ್ಟು ಹೊತ್ತಿಗೆ ನಗು ನಿಂತಿತ್ತು. ಒಬ್ಬ ಚಾಲಕ ಲುಂಗಿ ಮೇಲಕ್ಕೆ ಕಟ್ಟಿ ತನ್ನ ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದ. ಅವನನ್ನು ನೋಡಿ ಮತ್ತೊಬ್ಬ ಬಗ್ಗಿದ. ಚನ್ನವೀರಪ್ಪನೂ ಇಳಿದು ಕೆಳಗೆ ತೂರಿದ. ಹೊರಗೆ ಬಂದಾಗ ಅವನ ಮುಷ್ಟಿಯಲ್ಲಿ ಕರೀ ಬಟ್ಟೆಯ ತುಂಡೊಂದು ಇತ್ತು. "ನಮ್ಮಾಕಿನೂ" ಎಂದವನು ಮಾತು ಮುಗಿಸದೆ ಅದನ್ನು ಗಟಾರಕ್ಕೆ ಒಗೆದ. ಉಪ್ಪಿನಕಾಯಿ ಎಂದಿದ್ದವನಿಗೆ ಎರಡು ಗಂಟು ಸಿಕ್ಕವು.

ಶುಕ್ರವಾರ ಹಿರೇಕೆರೂರಿಗೆ ಹೋದೆವು. ಬಸ್ಸಿನಲ್ಲಿ ಶಿವಾನಂದ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬಂದ. ಅಲ್ಲಿನ ಸ್ಟ್ಯಾಂಡಿನಲ್ಲಿ, "ಪೈಪು ಹೊಸಾದ ಇತ್ತಂತ" ಎಂದು ಗೊಣಗಿದ. ಒಬ್ಬ, "ಹಂಗಾರ ಅವತ್ತ ಯಾಕ ಬೊಗಳಿದಿ?" ಎಂದ. ನಾನು ಡಬ್ಬಿ ಮುಂದೆ ಹಿಡಿದೆ. ಶಿವಾನಂದ ನನ್ನ ಕೈಯಿಂದ ಅದನ್ನು ಕಸಿದುಕೊಂಡು ತಾನೇ ತೋರಿಸಿದ.

ಶನಿವಾರ ಶಿಗ್ಗಾವಿಯಲ್ಲಿ ಗೊಣಗಲಿಲ್ಲ. "ಬಂದೇಸಾಬಂದು ತಪ್ಪಿಲ್ಲ, ನಂದು ಐತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನನ್ನನ್ನು ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದ. ಗುರುವಾರದ ಆ ಮಾತಿನ ಮೇಲೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ತುತ್ತು ಕೊಟ್ಟರೆ ಬಾಯಿ ತೆರೆಯುತ್ತಿದ್ದ, ಅಷ್ಟೇ.

ರವಿವಾರ ಚನ್ನವೀರಪ್ಪ ನಮ್ಮ ಗಾಡಿಯನ್ನು ಹಗ್ಗ ಕಟ್ಟಿ ಸವಣೂರಿಗೆ ಎಳೆದು ತಂದ. ನಾವು ಮೊದಲು ಅಲ್ಲಿನ ಸ್ಟ್ಯಾಂಡಿನಲ್ಲಿ ಹೇಳಬೇಕಾದದ್ದನ್ನು ಹೇಳಿ ಗ್ಯಾರೇಜಿಗೆ ಬಂದೆವು. ಅಂಗಳದಲ್ಲಿ ಎರಡು ಗಾಡಿ ನಿಂತಿದ್ದವು.

"ಹಿರೇಕೆರೂರಾಗ ಹೇಳಿದೀ?" ಎಂದ ಬಂದೇಸಾಬ, ತಲೆ ಎತ್ತದೆ.

"ಹೇಳೇನಿ."

"ಶಿಗ್ಗಾವ್ಯಾಗ?"

"ಅಲ್ಲೂ ಹೇಳೇನಿ."

ಬಂದೇಸಾಬ ಸುತ್ತಿಗೆ ತೆಗೆದುಕೊಂಡು ಗಾಡಿಯ ಮಗ್ಗುಲಿಗೆ ಕೂತ. ಕರೀ ಬಣ್ಣ ಮಿರುಗುವ ಕಡೆ ಮೆಲ್ಲಗೆ ತಟ್ಟಿದ. ಟಣ್ ಎನ್ನಲಿಲ್ಲ, ಹಂಚು ತಟ್ಟಿದ ಹಾಗೆ ಸದ್ದಾಯಿತು. ಇನ್ನೊಮ್ಮೆ ತಟ್ಟಿದಾಗ ಸುತ್ತಿಗೆಯ ಮೂಲೆ ಒಳಗೆ ಹೋಯಿತು. ಅವನು ಅದನ್ನು ಹೊರಗೆ ಎಳೆದ. ಬಣ್ಣದ ಹೊಟ್ಟೆಯಿಂದ ಕೆಂಪು ಪುಡಿ ಸುರಿದು ಅವನ ಚಪ್ಪಲಿಯ ಮೇಲೆ ಬಿತ್ತು.

"ಅಕ್ಕಾರ ಕಟ್ಟಿದ್ದು ಒಂದು ಗೇಣು ತಿಂತು. ಇದನ್ನ ಯಾರು ತಿನಿಸಿದ್ರು?"

ಶಿವಾನಂದ ಆ ತೂತನ್ನೇ ನೋಡುತ್ತಿದ್ದ.

"ನಾ ಪೈಪು ಹಾಕೂದಿಲ್ಲ" ಎಂದ ಬಂದೇಸಾಬ. "ಪೈಪು ಹಾಕಿದ್ರ ನೀ ಓಡಸ್ತಿ. ಇದು ಇನ್ನ ರಸ್ತೆಗೆ ಬ್ಯಾಡ. ಎಂಜಿನ್ನು ಚಲೋ ಐತಿ, ಇಳಿಸಿ ಇಡ್ತೇನಿ. ಉಳಿದದ್ದು ಗುಜರಿಗೆ."

"ಅಪ್ಪನ ಗಾಡಿ ಅದು."

"ನಿಮ್ಮಪ್ಪನ ಜೋಡಿ ಈ ಗಾಡಿ ನೋಡಿ ಕೊಂಡಾವ ನಾನ. ನನಗ ಹೇಳಬ್ಯಾಡ."

ಶಿವಾನಂದ ಎಡಗೈಯಿಂದ ಎಡಬಾಗಿಲಿನ ತಂತಿ ಬಿಚ್ಚಿ, "ಇಳಸ್ರಿ" ಎಂದ. ಕಾಕಾ ಎನ್ನಲಿಲ್ಲ, ಮಿಸ್ತ್ರಿ ಎಂದೂ ಅನ್ನಲಿಲ್ಲ. ಆಮೇಲೆ ನನ್ನ ಕಡೆ ನೋಡದೆ, "ಬುತ್ತಿ ತಗಿ ಬೇ" ಎಂದ. ಗುರುವಾರದ ಮೇಲೆ ನನ್ನ ಜೊತೆ ಅದೇ ಮೊದಲ ಮಾತು.

ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಬಂದೇಸಾಬನಿಗೂ ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಡಲು ಹೋದೆ.

"ನಂದು ಊಟ ಆಗೇತಿ" ಎಂದ. ಹನ್ನೊಂದು ಗಂಟೆಯೂ ಆಗಿರಲಿಲ್ಲ. ರೊಟ್ಟಿಯನ್ನು ಮತ್ತೆ ಬುತ್ತಿಗೆ ಹಾಕಿಕೊಂಡೆ.

"ಆ ಡಬ್ಬಿ ಮಾತ್ರ ಇಲ್ಲೇ ಬಿಡ್ರಿ. ಯಾರರ ಬಂದು ಮತ್ತ ಅದ ಮಾತು ಎತ್ತಿದ್ರ ತೋರಸ್ತೇನಿ."

ಕೊಟ್ಟೆ. ಅವನು ಮುಚ್ಚಳ ಬಿಗಿದು, ನಟ್ಟು ಬೋಲ್ಟು, ಪಾನಾಗಳಿದ್ದ ಕಬ್ಬಿಣದ ಕಪಾಟಿನಲ್ಲಿ ಇಡಲು ಹೋದ.

"ಅಲ್ಲಿ ಬ್ಯಾಡ್ರಿ ಅಣ್ಣಾರ" ಎಂದೆ.

ಅವನು ತಿರುಗಿ ನನ್ನನ್ನೊಮ್ಮೆ, ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ ನೋಡಿದ. ನಗಲಿಲ್ಲ. ಗೋಡೆಯ ಆ ತುದಿಗೆ ನಡೆದು ಹೋಗಿ, ಕಿಟಕಿಯ ಕಲ್ಲಿನ ಮೇಲೆ ಅದನ್ನು ಇಟ್ಟ.