ಮಾರ್ಚ್ ತಿಂಗಳ ಕಡತ

"ಇದು ಹೋದ ವರ್ಷದ ಮಾರ್ಚ್ ತಿಂಗಳ ಲೆಕ್ಕ," ಎಂದು ಫೋಟಿಸ್ ದಪ್ಪನೆಯ ಕಡತವೊಂದನ್ನು ಮೇಜಿನ ಮೇಲೆ ಅಸಿಮೀನಾಳ ಕಡೆಗೆ ತಳ್ಳಿದ. "ಮೂರು ದಿನ ಕೂತು ಸರಿ ಮಾಡಿ ಮೇಡಂ. ನಿಮ್ಮ ಕೆಲಸ ಹೇಗೆ ಅಂತ ನೋಡ್ತೀವಿ. ಇದಕ್ಕೆ ಸಂಬಳ ಇರಲ್ಲ, ಮೊದಲೇ ಹೇಳ್ಬಿಡ್ತೀನಿ."

ಅವಳು ಆಗಲೇ ಕನ್ನಡಕ ಹಾಕಿಕೊಂಡು ಮೊದಲ ಪುಟ ತಿರುವಿದ್ದಳು.

ವೋಲೋಸ್ ಪಟ್ಟಣದ ಬಂದರಿನ ಹಿಂದಿನ ಬೀದಿಯಲ್ಲಿ ಪಂಪು, ಪೈಪು ಮಾರುವ ಕಂಪನಿ ಅದು. ಫೋಟಿಸ್ ಮಾಲೀಕನ ಅಳಿಯ. ವಯಸ್ಸು ಮೂವತ್ತೈದು ದಾಟಿರಲಿಕ್ಕಿಲ್ಲ. ಅಸಿಮೀನಾಳಿಗೆ ಐವತ್ತೇಳು. ಊರಾಚೆಯ ನೂಲಿನ ಗಿರಣಿಯಲ್ಲಿ ಇಪ್ಪತ್ತೇಳು ವರ್ಷ ಲೆಕ್ಕಪತ್ರ ನೋಡಿದವಳು. ಗಿರಣಿ ಬಾಗಿಲು ಹಾಕಿ ಎರಡೂವರೆ ವರ್ಷವಾಗಿತ್ತು. ಅಂದಿನಿಂದ ಕಳಿಸಿದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬಂದಿರಲಿಲ್ಲ. ಬಂದ ಎರಡು ಮೂರು ಪತ್ರಗಳು ಅವಳ ಅನುಭವವನ್ನು ಹೊಗಳಿ ಅಲ್ಲಿಗೇ ಮುಗಿದಿದ್ದವು. ಪಿಂಚಣಿ ಸಿಗಬೇಕಾದರೆ ಇನ್ನು ನಾನೂರು ದಿನ ಕೆಲಸ ಮಾಡಿ ವಿಮೆ ಕಟ್ಟಿಸುವುದು ಬಾಕಿ. ಯಾರಾದರೂ ಒಂದೂವರೆ ವರ್ಷ ಕೆಲಸಕ್ಕಿಟ್ಟುಕೊಂಡರೆ ಸಾಕಿತ್ತು. ಗಂಡ ಸ್ಟಮಾಟಿಸ್ ಬೆನ್ನುನೋವು ಹಿಡಿದು ಹಡಗುಕಟ್ಟೆಯ ಕೆಲಸ ಬಿಟ್ಟು ಮನೆಯಲ್ಲಿದ್ದ.

ಮಾರ್ಚ್ ತಿಂಗಳು ಸಿಕ್ಕುಸಿಕ್ಕಾಗಿತ್ತು. ಹಳೆಯ ಲೆಕ್ಕಿಗ ಜಗಳವಾಡಿ ಬಿಟ್ಟುಹೋದ ಮೇಲೆ ರಸೀದಿಗಳನ್ನು ಯಾರೋ ಕೈಗೆ ಬಂದ ಹಾಗೆ ಸಿಕ್ಕಿಸಿಟ್ಟಿದ್ದರು. ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆಯೇ ಇಲ್ಲ. ಮೊದಲ ದಿನ ಮಧ್ಯಾಹ್ನದವರೆಗೆ ಅವಳು ಒಂದೊಂದು ಮೊತ್ತವನ್ನೂ ಎರಡೆರಡು ಸಲ ಕೂಡಿ ನೋಡುತ್ತಿದ್ದಳು. ಆಮೇಲೆ ಅದನ್ನು ಬಿಟ್ಟದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಎರಡನೆಯ ದಿನ ಥೆಸಲೊನೀಕಿಯ ವ್ಯಾಪಾರಿಯೊಬ್ಬನ ಬಿಲ್ಲು ಎರಡು ಸಲ ದಾಖಲಾಗಿದ್ದುದು ಕಣ್ಣಿಗೆ ಬಿದ್ದಾಗ, ಡಬ್ಬಿಯಲ್ಲಿದ್ದ ಪಾಲಕದ ಕಡುಬು ತಣ್ಣಗಾಗುವುದನ್ನೂ ಮರೆತಳು. ಅವತ್ತು ಮನೆಗೆ ಹೋಗಿ ಗಂಡನಿಗೆ ಆ ಬಿಲ್ಲಿನ ಕಥೆಯನ್ನೇ ಹೇಳಿದಳು. ಅವನಿಗೆ ಅರ್ಧವೂ ಅರ್ಥವಾಗಲಿಲ್ಲ. ಆದರೂ ಸಣ್ಣ ಬಾಟಲಿಯಲ್ಲಿ ಉಳಿದಿದ್ದ ತ್ಸಿಪುರೊ ಸಾರಾಯಿಯನ್ನು ಇಬ್ಬರಿಗೂ ಬಗ್ಗಿಸಿದ.

ಮೂರನೆಯ ದಿನ ನಾಲ್ಕು ಗಂಟೆಗೆ ಮಾರ್ಚ್ ಮುಗಿಯಿತು. ಫೋಟಿಸ್ ಹಾಳೆಗಳನ್ನು ತಿರುವಿ ನೋಡಿ, ಕೆಲಸ ಬಹಳ ಅಚ್ಚುಕಟ್ಟಾಗಿದೆ ಎಂದ. ಫೋನ್ ಮಾಡುತ್ತೇವೆ ಎಂದ. ಬಾಗಿಲವರೆಗೂ ಬಂದು ಕೈಕುಲುಕಿದ.

ಒಂದು ವಾರ ಅವಳು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲಿನ ಹೊರಗೆ ಸ್ಟೂಲಿನ ಮೇಲಿಟ್ಟು ಹೋದಳು. ಎರಡನೆಯ ವಾರ ಸ್ಟಮಾಟಿಸ್ ಅದರ ಬಗ್ಗೆ ಕೇಳುವುದನ್ನು ಬಿಟ್ಟ.

ಐದನೆಯ ವಾರ ಕಾರ್ಡ್ ನವೀಕರಿಸಲು ನಿರುದ್ಯೋಗಿಗಳ ಕಚೇರಿಗೆ ಹೋದಾಗ ಸಾಲಿನಲ್ಲಿ ಪಾಂಡೆಲಿಸ್ ಸಿಕ್ಕಿದ. ಹಿಟ್ಟಿನ ಗಿರಣಿಯಲ್ಲಿ ಲೆಕ್ಕಿಗನಾಗಿದ್ದವನು. ತೆರಿಗೆ ಕಚೇರಿಯ ಸಾಲಿನಲ್ಲಿ ವರ್ಷಗಟ್ಟಲೆ ಹಿಂದೆಮುಂದೆ ನಿಂತ ಪರಿಚಯ.

"ಸಾಲು ಅದೇ ಕಣಮ್ಮಾ, ಕಿಟಕಿ ಮಾತ್ರ ಬೇರೆ," ಎಂದು ನಕ್ಕ. ಎಲ್ಲಾದರೂ ಏನಾದರೂ ಸಿಕ್ಕಿತೇ ಎಂದು ಅವಳು ಕೇಳಿದಳು. ಬಂದರಿನ ಹಿಂದೆ ಪಂಪಿನ ಅಂಗಡಿಯೊಂದರಲ್ಲಿ ಮೂರು ದಿನ ಪರೀಕ್ಷೆಗೆ ಕೂರಿಸಿಕೊಂಡಿದ್ದರು, ಆಮೇಲೆ ಸುದ್ದಿಯೇ ಇಲ್ಲ ಎಂದ ಅವನು.

ಅಸಿಮೀನಾ ಅವನ ಕಡೆ ಪೂರ್ತಿ ತಿರುಗಿದಳು. "ನಿಂಗೆ ಯಾವ ತಿಂಗಳು ಕೊಟ್ರು?"

"ಏಪ್ರಿಲ್. ಯಾಕೆ?"

"ನಂಗೆ ಮಾರ್ಚ್."

ಪಾಂಡೆಲಿಸನ ಮುಖದ ಮೇಲಿನ ನಗು ತಟ್ಟನೆ ಹೋಗಲಿಲ್ಲ, ನಿಧಾನವಾಗಿ ಇಳಿಯಿತು. ಗಿರಣಿಯ ತನ್ನ ಹಳೆಯ ಸಹಾಯಕನಿಗೂ ಅಲ್ಲಿಂದ ಕರೆ ಬಂದಿತ್ತೆಂದು ಅವನಿಗೆ ಈಗ ನೆನಪಾಯಿತು. ಆ ಸಹಾಯಕನಿಗೆ ಕೊಟ್ಟದ್ದು ಜೂನ್. ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು.

"ಏಪ್ರಿಲ್ ಶುರು ಮಾಡಿದಾಗ ಹಿಂದಿನ ತಿಂಗಳ ಬಾಕಿ ತಾಳೆ ಆಯ್ತಾ?" ಎಂದು ಅವಳು ಕೇಳಿದಳು.

"ಒಂದು ಸೆಂಟ್ ಕೂಡ ಆಚೀಚೆ ಇರ್ಲಿಲ್ಲ. ಯಾರೋ ಗಟ್ಟಿಗರು ಮಾಡಿದಾರೆ, ಇವರ ಹತ್ರ ಒಳ್ಳೇ ಜನ ಇದಾರೆ ಅಂತ ಅಂದ್ಕೊಂಡೆ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಅವರ ಜೊತೆ ಕೆಲಸ ಮಾಡಬಹುದು ಅಂತ ಆಸೆ ಆಗಿತ್ತು."

ಒಂದೊಂದು ತಿಂಗಳ ಲೆಕ್ಕವನ್ನು ಒಬ್ಬೊಬ್ಬರಿಂದ ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದಾರೆಂದು ಆ ಸಂಜೆ ಅವಳು ಗಂಡನಿಗೆ ಹೇಳಿದಳು. ಅವನು ದೂರು ಕೊಡೋಣ ಎಂದ. ಯಾರಿಗೆ ಕೊಡುವುದು, ಸಹಿ ಹಾಕಿಸಿಕೊಂಡ ಒಂದು ಚೀಟಿಯಾದರೂ ಇದೆಯೇ ಎಂದು ಅವಳು ಕೇಳಿದಳು.

ಗುರುವಾರ ಫೋಟಿಸ್ ಫೋನ್ ಮಾಡಿದ. ನಿಮ್ಮ ಹೆಸರು ಕೊನೆಯ ಸುತ್ತಿನಲ್ಲಿದೆ, ಮಾವನವರಿಗೆ ಇನ್ನೊಂದು ಸಲ ನಿಮ್ಮ ಕೆಲಸ ನೋಡಬೇಕಂತೆ, ಸೋಮವಾರದಿಂದ ಮೂರು ದಿನ ಬರುತ್ತೀರಾ ಎಂದು ಕೇಳಿದ. ಅವಳು ಕ್ಯಾಲೆಂಡರಿನಲ್ಲಿ ಸೋಮವಾರವನ್ನು ಹುಡುಕಿದಳು. ಆಮೇಲೆ ಎಷ್ಟು ಗಂಟೆಗೆ ಎಂದು ಕೇಳಿದಳು.

"ಗೊತ್ತಿದ್ದೂ ಹೋಗ್ತೀಯಾ?" ಎಂದ ಸ್ಟಮಾಟಿಸ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಮೂರು ದಿನ ಬೆಳಿಗ್ಗೆ ಎದ್ದು ಹೋಗೋಕೆ ಒಂದು ಜಾಗ ಇರುತ್ತಲ್ಲ."

ಮಲಗಿದ್ದ ಅವನು ಗೋಡೆಯ ಕಡೆ ತಿರುಗಿಕೊಂಡ.

ಸೋಮವಾರ ಅವಳಿಗೆ ಸಿಕ್ಕಿದ್ದು ಅಕ್ಟೋಬರ್. ಹತ್ತು ಗಂಟೆಯ ಸುಮಾರಿಗೆ ಫೋಟಿಸ್ ಇನ್ನೊಬ್ಬ ಹೆಂಗಸನ್ನು ಕರೆತಂದು ಎದುರಿನ ಮೇಜಿನಲ್ಲಿ ಕೂರಿಸಿ, ಅವಳ ಮುಂದೆ ನವೆಂಬರ್ ಇಟ್ಟು ಹೋದ. ಐವತ್ತರ ಆಸುಪಾಸಿನವಳು. ಹೊಸದಾಗಿ ಹಚ್ಚಿದ ಬಣ್ಣ ಕೂದಲಿನಿಂದ ಹಣೆಯಂಚಿಗೂ ಸ್ವಲ್ಪ ಇಳಿದಿತ್ತು. ಅವಳು ಪೆನ್ಸಿಲುಗಳನ್ನು ಸಾಲಾಗಿ ಜೋಡಿಸಿಕೊಂಡು, ಫೋಟಿಸನ ಕೋಣೆಯ ಬಾಗಿಲು ಮುಚ್ಚುವವರೆಗೆ ಕಾದು, ಮೆಲ್ಲಗೆ ಕೇಳಿದಳು:

"ನೀವು ಇಲ್ಲಿ ತುಂಬಾ ದಿನದಿಂದ ಇದ್ದೀರಾ? ಹೇಗೆ, ಒಳ್ಳೇ ಜನಾನಾ?"

ಅಸಿಮೀನಾ ಮುಚ್ಚಿದ ಬಾಗಿಲ ಕಡೆ ನೋಡಿದಳು. ಆ ಹೆಂಗಸಿನ ಕಣ್ಣುಗಳು ಅವಳ ಮುಖವನ್ನೇ ನೋಡುತ್ತಿದ್ದವು.

"ಅಲ್ಲಿ ಚಳಿ ಜಾಸ್ತಿ," ಎಂದಳು ಅಸಿಮೀನಾ. "ಕುರ್ಚಿ ಈ ಕಡೆ ಎಳ್ಕೊಳ್ಳಿ."

ಒಂದೇ ಸರಳು ಉರಿಯುತ್ತಿದ್ದ ಹೀಟರನ್ನು ಕಾಲಿನಿಂದ ತಳ್ಳಿ ಇಬ್ಬರ ನಡುವೆ ಇಟ್ಟಳು.