ಎರಡನೇ ಬದಿಯ ಇಪ್ಪತ್ತೇಳು ನಿಮಿಷ

ಅರ್ಸಲಾನ್ ಬಂದಾಗ ಶನಿವಾರ ಮಧ್ಯಾಹ್ನ ಮೂರು ಗಂಟೆ. ಕಂಕುಳಲ್ಲಿ ಒಂದು ಚಪ್ಪಟೆ ರಟ್ಟಿನ ಡಬ್ಬ, ಕೈಯಲ್ಲಿ ಅವನ ಹೆಂಡತಿ ಅಕ್ಸಾ ಕಳಿಸಿದ ತರಕಾರಿ ಪಲಾವು.

"ಭಾಭಿ, ಬಂತು," ಎಂದ.

ಏನು ಬಂತೆಂದು ನನಗೆ ಗೊತ್ತಿತ್ತು. ನನ್ನ ಗಂಡ ಸಂದೀಪನೂ ಅರ್ಸಲಾನನೂ ಈ ಹೊರದೇಶದ ಬೆಲ್ವ್ಯೂ ಊರಿನಲ್ಲಿ ಒಂದೇ ಆಫೀಸಿನಲ್ಲಿದ್ದರು. ಬಿಡುವಿನಲ್ಲಿ ಇಬ್ಬರೂ ಸೇರಿ, ಯಾರೂ ಕೇಳಿರದ ಮೆಟಲ್ ಬ್ಯಾಂಡುಗಳ ಎಲ್‌ಪಿ ರೆಕಾರ್ಡುಗಳನ್ನು ಹೊರತರುತ್ತಿದ್ದರು. ಇದು ಮೂರನೆಯದು. ಉತ್ತರ ಫಿನ್‌ಲ್ಯಾಂಡಿನ ಒಂದು ಚಿಕ್ಕ ಊರಿನ ನಾಲ್ವರ ಬ್ಯಾಂಡ್, ಹೆಸರು ಹಲ್ಲಾಯೊ. ಹಾಡುವವನು ವೆಸಾ. ಹಗಲು ಶಾಲೆಯ ಬಸ್ಸು ಓಡಿಸುತ್ತಾನೆ. ಹನ್ನೊಂದು ವರ್ಷ ಜೊತೆಯಾಗಿ ನುಡಿಸಿದ ಮೇಲೆ ಇದು ಅವರ ಮೊದಲ ಆಲ್ಬಮ್.

ಮುನ್ನೂರು ಪ್ರತಿ ಒತ್ತುವ ಮೊದಲು ಕಾರ್ಖಾನೆಯವರು ಪರೀಕ್ಷೆಗೆಂದು ನಮಗೆ ಐದು, ಬ್ಯಾಂಡಿನವರಿಗೆ ಒಂದು ಪ್ರತಿ ಕಳಿಸುತ್ತಾರೆ. ಕೇಳಿ, ಸರಿ ಇದೆ ಅಥವಾ ಇಲ್ಲ ಎಂದು ತಿಳಿಸಬೇಕು. ಸೋಮವಾರದೊಳಗೆ ಸರಿ ಎಂದರೆ ಫೆಬ್ರುವರಿಯಲ್ಲಿ ವೆಸಾನ ಊರಿನಲ್ಲಿ ನಡೆಯುವ ಸಂಗೀತ ಕಛೇರಿಗೆ ರೆಕಾರ್ಡು ತಲುಪುತ್ತದೆ. ಇಲ್ಲವೆಂದರೆ ಸರದಿ ತಪ್ಪಿ ಏಪ್ರಿಲ್‌ಗೆ ಹೋಗುತ್ತದೆ.

"ನೀನೇ ಕೇಳು," ಎಂದೆ.

"ನಾನು ಕೇಳಿದೆ. ರೂಲ್ ಗೊತ್ತಲ್ಲ ನಿಮಗೆ. ಇಬ್ಬರು ಕೇಳ್ಬೇಕು. ಹಾಡು ಗೊತ್ತಿರೋನೊಬ್ಬ, ಗೊತ್ತಿಲ್ಲದೇ ಇರೋನೊಬ್ಬ."

ಅದು ಸಂದೀಪ್ ಮಾಡಿದ ನಿಯಮ. ಹಾಡು ಬಾಯಿಪಾಠವಾದವನ ಕಿವಿ ತಪ್ಪನ್ನು ತಾನೇ ಸರಿಮಾಡಿಕೊಂಡುಬಿಡುತ್ತದೆ, ನಂಬಬಾರದು ಎನ್ನುತ್ತಿದ್ದ.

"ಅಕ್ಸಾ ಇದಾಳಲ್ಲ."

"ಅವಳು ಕೆಟ್ಟುಹೋದಳು ಭಾಭಿ. ಈಗ ರೊಟ್ಟಿ ಲಟ್ಟಿಸ್ತಾ ಗುನುಗ್ತಾಳೆ. ಮೊನ್ನೆ ಅವರಮ್ಮ ಫೋನಲ್ಲಿ ಕೇಳಿಸ್ಕೊಂಡು, ಮಗಳಿಗೆ ಗಂಟಲು ಕಟ್ಟಿದೆ, ಕಷಾಯ ಕುಡಿಸು ಅಂದ್ರು."

ಬೇಡವೆನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೂಂ ಎಂದೆ.

ಸಂದೀಪ್ ಈ ಸಂಗೀತ ಹಾಕಿದಾಗಲೆಲ್ಲ ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕುಳಿತು ಕೇಳಿದ್ದು ಅಂದೇ ಮೊದಲು. ಗಂಡಸೊಬ್ಬ ಹೊಟ್ಟೆಯಾಳದಿಂದ ಗೊಗ್ಗರು ದನಿಯಲ್ಲಿ ಕೂಗುತ್ತಾನೆ. ಡ್ರಮ್ ನಿಲ್ಲುವುದೇ ಇಲ್ಲ. ಆದರೆ ಅದರ ನಡುವೆ ಎರಡು ಗಿಟಾರುಗಳು ಒಂದೇ ರಾಗವನ್ನು ಹಿಡಿದು ಜೊತೆಜೊತೆಯಾಗಿ ನಡೆಯುತ್ತವೆ. ಆ ರಾಗ ದುಃಖದ್ದು, ಮುಚ್ಚುಮರೆಯಿಲ್ಲದ್ದು. ಅದು ಅಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗಲೂ ನನಗೇನೂ ಆಗಲಿಲ್ಲ. ಜೂನ್‌ನಿಂದ ಹಾಗೇ ಇದ್ದೆ. ಆಫೀಸಿನ ಮೆಟ್ಟಿಲ ಮೇಲೆ ಸಂದೀಪನ ಹೃದಯ ನಿಂತಾಗ ಅವನಿಗೆ ಮೂವತ್ನಾಲ್ಕು.

ಮೊದಲ ಬದಿಯಲ್ಲಿ ನಾಲ್ಕು ಹಾಡು, ಹದಿನೆಂಟು ನಿಮಿಷ. ಕೈಯಲ್ಲಿ ಹಾಳೆ ಪೆನ್ನು ಹಿಡಿದು ಕೂತಿದ್ದೆ. ಏನೂ ಬರೆಯಲಿಲ್ಲ. ಅರ್ಸಲಾನ್ ಎದ್ದು ತಿರುಗಿಸಿ ಹಾಕಿದ. ಎರಡನೇ ಬದಿಯಲ್ಲಿ ಐದು ಹಾಡು, ಇಪ್ಪತ್ತೇಳು ನಿಮಿಷ. ಆರಂಭದಿಂದಲೇ ದನಿ ಸಣ್ಣದಾಗಿತ್ತು. ಕೊನೆಯ ಹಾಡು ಬಂದಾಗ ಗಿಟಾರು ಗಿಟಾರಿನಂತಿರಲಿಲ್ಲ. ಜರಡಿಯಲ್ಲಿ ಮರಳು ಆಡಿಸಿದ ಹಾಗೆ.

"ಕೊನೇದು ಒಡೆದುಹೋಗಿದೆ," ಎಂದೆ.

"ಅದು ಹಾಗೇ ಇರೋದು ಭಾಭಿ. ಮೆಟಲ್ ಅಲ್ವಾ."

"ಮೊದಲನೇ ಬದಿಯಲ್ಲಿ ಹಾಗಿರಲಿಲ್ಲ."

ನಾನು ಉಳಿದ ನಾಲ್ಕು ಪ್ರತಿಗಳನ್ನು ತೆಗೆದೆ. ಒಂದರಲ್ಲಿ ಮಾತ್ರ ಇದ್ದರೆ ಆ ಪ್ರತಿಯ ದೋಷ, ಐದರಲ್ಲೂ ಇದ್ದರೆ ಮೂಲದ್ದು.

"ಶುರುವಾಯ್ತು ನಿಮ್ಮ ಮೈಸೂರು ಎಂ.ಎಸ್‌ಸಿ. ಸ್ಟಾಟಿಸ್ಟಿಕ್ಸು," ಎಂದ ಅರ್ಸಲಾನ್. ಆದರೂ ಒಂದೊಂದಾಗಿ ಹಾಕಿ, ಮುಳ್ಳನ್ನು ಕೊನೆಯ ಹಾಡಿನ ಮೇಲೆ ಇಳಿಸಿದ. ಐದರಲ್ಲೂ ಮರಳು.

ಅವನು ಸೋಫಾದ ತುದಿಗೆ ಕೂತ. ಮುಖ ಕೊಟ್ಟು ಮಾತಾಡಲಿಲ್ಲ.

"ನಂಗೂ ಕೇಳಿಸ್ತು," ಎಂದ. "ಮನೇಲೇ ಕೇಳಿಸ್ತು."

"ಮತ್ತೆ?"

ಅವನು ಫೋನಿನಲ್ಲಿ ಒಂದು ಮೇಲ್ ತೆರೆದು ಕೊಟ್ಟ. ಸಾಯುವುದಕ್ಕೆ ಎಂಟು ದಿನ ಮುಂಚೆ ಸಂದೀಪ್ ಕಾರ್ಖಾನೆಗೆ ಬರೆದದ್ದು. ಅಲ್ಲಿನ ಎಂಜಿನಿಯರ್ ಮೊದಲೇ ಎಚ್ಚರಿಸಿದ್ದರು: ಒಂದು ಬದಿಗೆ ಇಪ್ಪತ್ತೇಳು ನಿಮಿಷ ತುರುಕಿದರೆ ಗೆರೆಗಳು ಒತ್ತಾಗುತ್ತವೆ, ನಡುವಿಗೆ ಬಂದ ಹಾಗೆ ದನಿ ಒಡೆಯುತ್ತದೆ. ಐದನೇ ಹಾಡನ್ನು ಮೊದಲ ಬದಿಗೆ ಹಾಕಿ, ಎರಡೂ ಸಮವಾಗುತ್ತವೆ. ಸಂದೀಪನ ಉತ್ತರ ಮೂರು ಸಾಲು. ನಾಲ್ಕನೇ ಹಾಡು ಮುಗಿದ ಮೇಲೆ ಕೇಳುಗ ಎದ್ದು ಬಂದು ರೆಕಾರ್ಡು ತಿರುಗಿಸಬೇಕು. ಅಷ್ಟು ಹೊತ್ತಿನ ಮೌನ ಆ ಹಾಡಿಗೆ ಬೇಕು. ದಯವಿಟ್ಟು ಬದಲಾಯಿಸಬೇಡಿ.

"ಅವನು ಕೊನೇದಾಗಿ ಕೇಳ್ಕೊಂಡಿದ್ದು ಇದು," ಎಂದ ಅರ್ಸಲಾನ್. "ಹೇಗೆ ಭಾಭಿ ಇಲ್ಲ ಅನ್ನೋದು? ಹೀಗೇ ಬರ್ಲಿ. ಮುನ್ನೂರು ಜನ ತಗೋತಾರೆ. ಅದ್ರಲ್ಲಿ ಇನ್ನೂರು ಜನ ಕವರ್ ಕೂಡ ಬಿಚ್ಚಲ್ಲ."

ನಾನು ಮೇಲ್ ಇನ್ನೊಮ್ಮೆ ಓದಿದೆ.

ಸಂದೀಪ್ ಹೋದ ಮೇಲೆ ಅವನು ಸುಮ್ಮನೆ ಆಡಿದ ಮಾತುಗಳೆಲ್ಲ ಆಜ್ಞೆಗಳಾಗಿದ್ದವು. ಎಂದೋ ಊಟ ಮಾಡುತ್ತಾ ಕಾಶಿಯಲ್ಲಿ ವಿಪರೀತ ಸೆಖೆ ಎಂದಿದ್ದನಂತೆ. ಅದನ್ನು ನೆನಪಿಟ್ಟುಕೊಂಡು ನನ್ನ ಮಾವ ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟರು. ನಾರ್ತ್ ಕ್ರೀಕಿನ ಈ ಅಪಾರ್ಟ್‌ಮೆಂಟಿನಲ್ಲಿ ಸೋಫಾ ಈಗಲೂ ಬಾಲ್ಕನಿ ಬಾಗಿಲಿಗೆ ಅಡ್ಡವಾಗಿದೆ. ಟೀವಿ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆಂದು ಅವನು ಹೇಳಿದ್ದ. ಬಾಲ್ಕನಿಗೆ ಹೋಗಲು ನಾನು ಐದು ತಿಂಗಳಿಂದ ಅದರ ಮೇಲೆ ಹತ್ತಿ ಇಳಿಯುತ್ತಿದ್ದೆ. ಬದುಕಿದ್ದಾಗ ಅದಕ್ಕಾಗಿ ವಾರಕ್ಕೊಮ್ಮೆ ಜಗಳವಾಡುತ್ತಿದ್ದೆವು.

"ಅವನು ಹೇಳಿದ್ದು ತಪ್ಪು," ಎಂದೆ.

ಅರ್ಸಲಾನ್ ತಲೆ ಎತ್ತಿದ.

"ನಾಲ್ಕನೇ ಹಾಡಿಗೆ ಮೌನ ಕೊಡೋಕೆ ಹೋಗಿ ಒಂಬತ್ತನೇ ಹಾಡನ್ನ ಕೆಡಿಸಿದಾನೆ. ಕೇಳಿದ್ದಿದ್ರೆ ಅವನಿಗೇ ಗೊತ್ತಾಗ್ತಿತ್ತು. ಕೇಳೋಕೆ ಅವನಿಲ್ಲ, ನಾವಿದೀವಿ. ಹನ್ನೊಂದು ವರ್ಷ ಕಾದವರ ಮೊದಲನೇ ರೆಕಾರ್ಡು ಅರ್ಸಲಾನ್. ಸಂದೀಪ್‌ದಲ್ಲ ಅದು."

"ನಿಮಗೆ ಈ ಮ್ಯೂಸಿಕ್ ಇಷ್ಟಾನೇ ಇಲ್ಲ," ಎಂದ. ದನಿ ಏರಿತ್ತು. "ಒಂದಿನ ಕೂತು ಕೇಳ್ಲಿಲ್ಲ. ಈಗ ಬಂದು ಅವನದ್ದೇ ತಪ್ಪು ಅಂತೀರಾ."

"ಇಷ್ಟ ಇಲ್ಲದೇ ಇರೋರೇ ಬೇಕು ಅಂತ ತಾನೇ ಕರೆದಿದ್ದು ನೀನು?"

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಜೌಗಿನ ಕಡೆಗೆ ಕಾಗೆಗಳು ಸಾಲಾಗಿ ಹಾರುತ್ತಿದ್ದವು. ನವೆಂಬರಿನಲ್ಲಿ ಅವು ರಾತ್ರಿ ತಂಗಲು ಹೋಗುವುದು ನಾಲ್ಕಕ್ಕೇ ಶುರುವಾಗುತ್ತದೆ. ತಿರುಗಿದಾಗ ಕಣ್ಣು ಕೆಂಪಗಿತ್ತು.

"ವೆಸಾನಿಗೆ ಯಾರು ಹೇಳೋದು?"

ನಾನು ಬರೆದೆ. ಐದು ಸಾಲು. ಕೊನೆಯ ಹಾಡು ಒಡೆದಿದೆ, ಕಾರಣ ನಮ್ಮ ಕಡೆಯದು, ಐದನೇ ಹಾಡು ಮೊದಲ ಬದಿಗೆ ಹೋದರೆ ಸರಿಯಾಗುತ್ತದೆ, ಫೆಬ್ರುವರಿ ತಪ್ಪುತ್ತದೆ, ಕ್ಷಮಿಸಿ. ಫಿನ್‌ಲ್ಯಾಂಡಿನಲ್ಲಿ ಆಗ ಸರಿರಾತ್ರಿ ದಾಟಿತ್ತು. ಬೆಳಿಗ್ಗೆ ನೋಡಿಯಾನು ಎಂದುಕೊಂಡೆವು. ಹತ್ತು ನಿಮಿಷಕ್ಕೆ ಉತ್ತರ ಬಂತು. ತನ್ನ ಪ್ರತಿಯಲ್ಲೂ ಒಡಕು ಕೇಳಿಸಿತೆಂದೂ, ಸಂದೀಪನ ಮಾತಾದ್ದರಿಂದ ಬಾಯಿ ಬಿಡಲಿಲ್ಲವೆಂದೂ ಬರೆದಿದ್ದ. ಕೊನೆಗೆ ಹೀಗಿತ್ತು: ಫೆಬ್ರುವರಿಯಲ್ಲಿ ರೆಕಾರ್ಡಿನ ಬದಲು ಟೀ ಶರ್ಟು ಮಾರುತ್ತೇವೆ. ಕೊನೆಯ ಹಾಡು ನನ್ನ ಅಮ್ಮನ ಮೇಲಿನದು. ಥ್ಯಾಂಕ್ಸ್.

ಅರ್ಸಲಾನ್ ಅದನ್ನು ಎರಡು ಸಲ ಓದಿದ.

"ಮೂರು ಜನ," ಎಂದ. "ಮೂರು ಜನಾನೂ ಕೇಳಿಸ್ಕೊಂಡು ಬಾಯಿ ಮುಚ್ಕೊಂಡು ಕೂತಿದ್ವಾ?"

"ಇಬ್ಬರು. ನಾನು ಹೇಳಿದೆ."

ಅವನು ನಕ್ಕುಬಿಟ್ಟ. ಆಮೇಲೆ ಲ್ಯಾಪ್‌ಟಾಪ್ ತೆರೆದು ಕಾರ್ಖಾನೆಯ ಫಾರ್ಮ್ ತುಂಬಲು ಕೂತ. ಇಲ್ಲ ಎಂಬ ಕಡೆ ಗುರುತು ಹಾಕಿದ. ಕಾರಣ ಎಂಬಲ್ಲಿ ಕೈ ನಿಂತಿತು.

"ಏನಂತ ಬರೀಲಿ?"

"ಎಂಜಿನಿಯರ್ ಹೇಳಿದ್ದೇ ಸರಿ, ನಮ್ಮವನು ಹಟ ಮಾಡಿದ ಅಂತ ಬರಿ."

"ಬದುಕಿದ್ದಿದ್ರೆ ಮೂರು ದಿನ ನನ್ನ ಹತ್ರ ಮಾತಾಡ್ತಿರ್ಲಿಲ್ಲ."

"ನನ್ನ ಹತ್ರ ಒಂದು ವಾರ."

ಅವನು ಹಾಗೇ ಬರೆದು ಕಳಿಸಿದ.

ನಾನು ಕಾಫಿಗೆ ಹಾಲಿಟ್ಟೆ. ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದ್ದೆ. ಸಿಟ್ಟು ಬಂದಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಮಾತು ಯಾರನ್ನಾದರೂ ಕೇಳಬಾರದಿತ್ತೇ ಎಂದೆ ಸಂದೀಪನಿಗೆ, ಮನಸ್ಸಿನಲ್ಲೇ. ಎಲ್ಲ ನಿನಗೇ ಗೊತ್ತು, ಅಲ್ಲವೇ? ಅವನು ಎಂದಿನಂತೆ ಏನೋ ಸಮಜಾಯಿಷಿ ಹೇಳಿದ. ನಾನು ಬಿಡಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುವವರೆಗೂ ಜಗಳವಾಡಿದೆ.